ಮಜ್ಜಿಗೆಗೆ ಬಿದ್ದ ಇನ್ಸುಲಿನ್

"ಲೋಟ ಕೆಳಗಿಡ್ರಿ ಉಚ್ಚಂಗಪ್ಪನೋರೇ! ಕೆಳಗಿಡ್ರಿ ಅಂದೆ!"

ಸಬ್ ಇನ್ಸ್‌ಪೆಕ್ಟರ್ ಚಂದ್ರಶೇಖರಪ್ಪನವರು ಎದ್ದ ರಭಸಕ್ಕೆ ಮೇಜಿನ ಮೇಲಿನ ಮಸಿಕುಡಿಕೆ ಉರುಳಿತು. ಅವರು ನನ್ನ ಮಣಿಕಟ್ಟು ಹಿಡಿಯುವ ಹೊತ್ತಿಗೆ ಮಜ್ಜಿಗೆ ಗಂಟಲಿಳಿದಾಗಿತ್ತು. ಖಾಲಿ ಲೋಟವನ್ನು ಮೇಜಿನ ಮೇಲೆ ಬೋರಲು ಹಾಕಿ, ಪಕ್ಕದಲ್ಲಿ ಖಾಲಿ ಇನ್ಸುಲಿನ್ ಶೀಸೆಯನ್ನೂ ಇಟ್ಟೆ.

"ಪೂರ್ತಿ ಶೀಸೆ ಸಾಹೇಬ್ರೇ. ವಾಗ್ದೇವಮ್ಮ ಅಣ್ಣನಿಗೆ ಕೊಟ್ಟಿದ್ದು ಅರ್ಧ ಶೀಸೆ. ನಾನು ಅದರ ಎರಡರಷ್ಟು ಕುಡಿದಿದೀನಿ. ಈಗ ಗಂಟೆ ಎಷ್ಟು?"

"ಗಂಟೆ ಕೇಳ್ತೀರಲ್ರೀ! ನಿಮಗೇನು ಹುಚ್ಚೇ?"

"ಗಂಟೆ ಹೇಳಿ."

ಅವರು ಗೋಡೆ ನೋಡಿದರು. ಹನ್ನೆರಡೂಕಾಲು.

ಸೊರಬದ ವಕೀಲ ರಘುಪತಿಯವರು ತಂದೆಯ ತಿಥಿಯ ದಿನ ಮನೆಯಲ್ಲೇ ಕುಸಿದುಬಿದ್ದು ಅದು ಮೂರನೆಯ ದಿನ. 'ಅಣ್ಣಯ್ಯನ ಮಜ್ಜಿಗೆಗೆ ಸಕ್ಕರೆ ಕಾಯಿಲೆಯ ಔಷಧ ಸುರಿದವಳು ನಾನೇ' ಎಂದು ಅವರ ವಿಧವೆ ತಂಗಿ ವಾಗ್ದೇವಿ ಹಿಂದಿನ ಸಂಜೆ ಒಪ್ಪಿಕೊಂಡಿದ್ದಳು. ಮೂರು ಗಂಟೆಯ ಬಸ್ಸಿಗೆ ಅವಳನ್ನು ಶಿಕಾರಿಪುರಕ್ಕೆ ಕರೆದೊಯ್ದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದೆಂದು ನಿಶ್ಚಯವಾಗಿತ್ತು. ವಕೀಲರು ಶಿಕಾರಿಪುರದ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರು ಉಳಿಯದಿದ್ದರೆ ಅವಳ ಮೇಲೆ ಬೀಳುವುದು ಕೊಲೆಯ ಆಪಾದನೆ.

ಅವಳು ಸೊರಬದ ಠಾಣೆಯ ದಫ್ತರದ ಕೋಣೆಯ ಹೊಸ್ತಿಲ ಒಳಗೆ, ಮಂಡಿಯ ಮೇಲೆ ಗಲ್ಲ ಊರಿ ಕುಳಿತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು. ನಿನ್ನೆಯಿಂದ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ನಾನು ಕುಡಿದದ್ದು ಕಂಡು ಕಣ್ಣು ಮುಚ್ಚಿಕೊಂಡಳು.

ಅವಳ ಕಾವಲಿಗಿದ್ದ ದುರುಗಮ್ಮ ಬಾಯಿ ಬಡಿದುಕೊಂಡಳು. "ಯಪ್ಪಾ, ದಫೇದಾರಪ್ಪ ಹೋದ್ನಲ್ಲೋ! ಯಾರಾರ ಬೆಲ್ಲ ತರ್ರೋ!"

"ಬೆಲ್ಲ ತಾ ದುರುಗಮ್ಮ, ಬೇಡ ಅನ್ನಲ್ಲ. ಆದರೆ ತಂದು ಈ ಕಿಟಕಿಯಲ್ಲಿ ಇಡು. ನಾನು ಕೇಳೋತನಕ ಬಾಯಿಗೆ ತುರುಕಬೇಡ."

ಮೇಜಿನ ಆಚೆ ಬದಿಯ ಬೆಂಚಿನ ಮೇಲೆ ಇನ್ನೊಬ್ಬರಿದ್ದರು. ಮಹಾಬಲ. ವಕೀಲರ ಚಿಕ್ಕಪ್ಪನ ಮಗ, ಶಿರಾಳಕೊಪ್ಪದಲ್ಲಿ ಔಷಧದ ಅಂಗಡಿ ಇಟ್ಟಿದ್ದ ಕಂಪೌಂಡರು. ತನ್ನ ಹೇಳಿಕೆಗೆ ರುಜು ಹಾಕಲು ಬೆಳಿಗ್ಗೆ ಒಂಬತ್ತಕ್ಕೇ ಬಂದಿದ್ದವರು ಕೈಯಲ್ಲಿ ಪೆನ್ನು ಹಿಡಿದೇ ಕುಳಿತಿದ್ದರು. ನನ್ನನ್ನು ನೋಡಿದರು, ಶೀಸೆಯನ್ನು ನೋಡಿದರು, ಆಮೇಲೆ ಕಿಟಕಿಯ ಹೊರಗೆ ನೋಡಿದರು.

ನಾನು ಅವರನ್ನೇ ನೋಡುತ್ತಿದ್ದೆ. ಮಜ್ಜಿಗೆ ಕುಡಿದದ್ದೂ ಅದಕ್ಕೇ.

* * *

ಒಂದು ಗಂಟೆಯಾಯಿತು. ನಾನು ಬೆವರಲಿಲ್ಲ.

ಎರಡೂಕಾಲಾಯಿತು. ಚಂದ್ರಶೇಖರಪ್ಪನವರು ನನ್ನ ಹಣೆ ಮುಟ್ಟಿ ನೋಡಿದರು, ನಾಡಿ ಹಿಡಿದು ನೋಡಿದರು, ಎರಡು ಸಲ ನನ್ನ ಹೆಸರು ಕೇಳಿದರು. ಮೂರನೆಯ ಸಲ ಕೇಳಿದಾಗ, "ಹೆಸರು ಮರೆತಿಲ್ಲ ಸಾಹೇಬ್ರೇ, ಹಸಿವಾಗ್ತಿದೆ ಅಷ್ಟೆ" ಎಂದೆ.

"ಬೆಳಿಗ್ಗೆ ಸೂಜಿ ಹಾಕ್ಕೊಂಡು ಬಂದ್ರೋ ಹೇಗೆ?"

"ಇಲ್ಲ. ಇವತ್ತು ಬೇಕಂತಲೇ ತಪ್ಪಿಸಿದೆ. ಇವತ್ತು ನನ್ನ ಮೈಗೆ ಹೋಗಿರೋ ಇನ್ಸುಲಿನ್ ಅಂದ್ರೆ ಈ ಲೋಟದ್ದು ಮಾತ್ರ."

ಅವರು ಕುರ್ಚಿಯಲ್ಲಿ ಕುಸಿದರು. "ಮತ್ಯಾಕ್ರೀ ಏನೂ ಆಗ್ಲಿಲ್ಲ?"

ಈಗ ಹೇಳಬಹುದಿತ್ತು. ಎರಡು ತಾಸು ಮೊದಲು ಹೇಳಿದ್ದರೆ ಅದು ಮುದುಕನ ಕಟ್ಟುಕಥೆಯಾಗುತ್ತಿತ್ತು.

"ಎಂಟು ವರ್ಷದ ಹಿಂದೆ ನನಗೆ ಸಿಹಿಮೂತ್ರ ಅಂತ ಗೊತ್ತಾಯಿತು. ಶಿವಮೊಗ್ಗದ ಡಾಕ್ಟರು ಈ ಶೀಸೆ ಕೊಟ್ಟರು, ಸೂಜಿ ಕೊಟ್ಟರು, ದಿನಾ ತೊಡೆಗೆ ಚುಚ್ಚಿಕೋ ಅಂದರು. ಕಳ್ಳರ ಚಾಕೂಗೆ ಹೆದರದ ನಾನು ಸೂಜಿಗೆ ಹೆದರಿದೆ. ಹೇಗಿದ್ದರೂ ಔಷಧ ತಾನೇ, ಒಳಗೆ ಹೋದರಾಯಿತಲ್ಲ ಅಂತ ಎಂಟು ದಿನ ಮಜ್ಜಿಗೆಗೆ ಹಾಕ್ಕೊಂಡು ಕುಡಿದೆ. ಮೆಣಸಿನ ಕಷಾಯ ಕುಡಿಯೋದಿಲ್ಲವೇ, ಹಾಗೆ."

"ಆಮೇಲೆ?"

"ಆಮೇಲೇನು? ಡಾಕ್ಟರು ಮೂತ್ರ ಪರೀಕ್ಷೆ ಮಾಡಿದರು. ನೀಲಿ ದ್ರಾವಣಕ್ಕೆ ನಾಲ್ಕು ಹನಿ ಹಾಕಿ ದೀಪದ ಮೇಲೆ ಕುದಿಸಿದರೆ ಸಕ್ಕರೆ ಇದ್ದವರದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ. ನನ್ನದು ಮೊದಲನೇ ದಿನ ಹೇಗಿತ್ತೋ ಎಂಟನೇ ದಿನವೂ ಹಾಗೇ, ಇಟ್ಟಿಗೆ. ಕುಡಿದೆ ಅಂದಾಗ ಡಾಕ್ಟರು ನಗ್ತಾ ನಗ್ತಾ ಕನ್ನಡಕ ಬೀಳಿಸಿಕೊಂಡರು. ಹೊಟ್ಟೆಗೆ ಇದು ಔಷಧ ಅಂತ ಗೊತ್ತಾಗೋದಿಲ್ಲ ಕಣಯ್ಯಾ, ಬೇಳೆ ಅರಗಿಸಿದ ಹಾಗೆ ಇದನ್ನೂ ಅರಗಿಸಿ ಹಾಕುತ್ತೆ, ರಕ್ತಕ್ಕೆ ಒಂದು ಹನಿಯೂ ಸೇರೋದಿಲ್ಲ ಅಂದರು."

ದುರುಗಮ್ಮ ಕಿಟಕಿಯಲ್ಲಿದ್ದ ಬೆಲ್ಲದಿಂದ ಒಂದು ಚೂರು ಮುರಿದು ತನ್ನ ಬಾಯಿಗೇ ಹಾಕಿಕೊಂಡಳು. "ನಾ ಸುಮ್ನೆ ಬಾಯಿ ಬಡ್ಕಂಡೆ," ಎಂದಳು.

"ಸೂಜಿಯಲ್ಲಿ ಹೋದರೆ?" ಚಂದ್ರಶೇಖರಪ್ಪನವರು ಕೇಳಿದರು.

"ಸೂಜಿಯಲ್ಲಿ ಹೋದರೆ ರಕ್ತದ ಸಕ್ಕರೆ ಇಳಿಸುತ್ತೆ. ಅದೇ ಅದರ ಕೆಲಸ. ಹೆಚ್ಚಾದರೆ, ಇಲ್ಲ ಚುಚ್ಚಿಕೊಂಡು ಊಟ ಬಿಟ್ಟರೆ, ಸಕ್ಕರೆ ಪೂರ್ತಿ ಇಳಿದು ಮಿದುಳು ಉಪವಾಸ ಬೀಳುತ್ತೆ. ಮಿದುಳಿಗೆ ಸಕ್ಕರೆಯೇ ಕೂಳು. ಒಂದು ಸಲ ಸೂಜಿ ಹಾಕ್ಕೊಂಡು ಊಟ ಮಾಡದೆ ಶಿರಾಳಕೊಪ್ಪದ ಸಂತೆಗೆ ಹೊರಟಿದ್ದೆ. ಬಸ್ಸಲ್ಲಿ ಬೆವೆತೆನಂತೆ, ತೊದಲಿದೆನಂತೆ, ಕಂಡಕ್ಟರನ್ನು ಬೈದೆನಂತೆ. ಕುಡಿದಿದಾನೆ ಅಂತ ಇಳಿಸಿಬಿಟ್ಟರು. ಒಬ್ಬ ಪುಣ್ಯಾತ್ಮ ಕಬ್ಬಿನ ಹಾಲು ಕುಡಿಸದಿದ್ದರೆ ಅಲ್ಲೇ ಮುಗೀತಿತ್ತು. ಇವತ್ತಿಗೂ ಆ ದಿನದ್ದು ನನಗೆ ಒಂದು ಚೂರೂ ನೆನಪಿಲ್ಲ."

ವಕೀಲರಿಗೂ ಅದೇ ಆಗಿತ್ತು. ಹನ್ನೊಂದೂವರೆಗೆ ದರ್ಭೆ ಹಿಡಿದು ಕುಳಿತಿದ್ದವರು ಮಂತ್ರ ತಪ್ಪಿದರು, ಮೈಯೆಲ್ಲ ಬೆವರಿ ಪುರೋಹಿತರನ್ನು ಬೈದರು, ಅಡ್ಡಬಿದ್ದು ಕೈಕಾಲು ಸೆಟೆದುಕೊಂಡರು. ಇನ್ಸುಲಿನ್ ಹೆಚ್ಚಾದ ಲಕ್ಷಣ ಎಂದು ಶಿಕಾರಿಪುರದ ಡಾಕ್ಟರು ಬರೆದುಕೊಟ್ಟಿದ್ದರು. ಅದು ನಿಜ. ಹೇಗೆ ಒಳಹೋಯಿತು ಎಂದು ಅವರನ್ನು ಯಾರೂ ಕೇಳಿರಲಿಲ್ಲ. ತಂಗಿ ಒಪ್ಪಿಕೊಂಡ ಮೇಲೆ ಕೇಳುವುದೇನಿದೆ?

ನಾನು ಹೊಸ್ತಿಲ ಕಡೆ ತಿರುಗಿದೆ. "ವಾಗ್ದೇವಮ್ಮ, ಕಣ್ಣು ಬಿಡಿ ತಾಯಿ. ನೀವು ಕೊಟ್ಟ ಮಜ್ಜಿಗೆಯಿಂದ ನಿಮ್ಮ ಅಣ್ಣನಿಗೆ ಏನೂ ಆಗಿಲ್ಲ."

ಅವಳು ಕಣ್ಣು ಬಿಟ್ಟಳು. ನಂಬಲಿಲ್ಲ.

"ಯಾಕೆ ಸುರಿದಿರಿ? ನಿನ್ನೆ ಯಾರೂ ಕೇಳಲಿಲ್ಲ. ಇವತ್ತು ನಾನು ಕೇಳ್ತಿದೀನಿ."

"ಯಾಕೆ ಅಂದ್ರೆ..." ಅವಳು ಮಂಡಿಯಿಂದ ಗಲ್ಲ ಎತ್ತಿದಳು. "ತಿಥಿಯ ದಿವಸ ಅಣ್ಣಯ್ಯ ಸೂಜಿ ಮುಟ್ಟೋದಿಲ್ಲ. ಮಡಿಗೆ ಆಗೋದಿಲ್ಲ ಅಂತಾನೆ. ಊಟ ಆಗೋದು ಮೂರು ಗಂಟೆಗೆ. ಹಿಂದಿನ ವರ್ಷ ಔಷಧ ಬಿಟ್ಟು ನಾಲ್ಕು ದಿನ ಹಾಸಿಗೆ ಹಿಡಿದಿದ್ದ. ಈ ಸಲ ಹಾಗಾಗೋದು ಬೇಡ ಅಂತ... ಸೂಜಿ ಬೇಡ ಅಂದ್ರೆ ಬಾಯಿಗಾದರೂ ಹೋಗಲಿ ಅಂತ... ಬೆಳಿಗ್ಗೆ ಏಳಕ್ಕೆ, ಸ್ನಾನಕ್ಕೆ ಮುಂಚೆ ಒಂದು ಲೋಟ ಮಜ್ಜಿಗೆ ಕುಡೀತಾನೆ. ಶೀಸೆಯ ಮುಚ್ಚಳ ಅಡಕತ್ತರಿಯಲ್ಲಿ ಎಬ್ಬಿಸಿ ಉಳಿದಿದ್ದ ಅರ್ಧ ಶೀಸೆ ಪೂರ್ತಿ ಸುರಿದೆ."

"ಅಷ್ಟೇನಾ?"

"ಅಷ್ಟೇ. ಅಣ್ಣಯ್ಯ ಬಿದ್ದಾಗ ನನ್ನ ಕೈಯಿಂದಲೇ ಹೋದ ಅಂದುಕೊಂಡೆ." ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

ಚಂದ್ರಶೇಖರಪ್ಪನವರು ಕೆಮ್ಮಿದರು. ಒಳ್ಳೆಯ ಮನುಷ್ಯ ಅವರು. ನಿನ್ನೆ ಈ ಹೆಂಗಸನ್ನು 'ವಿಷ ಹಾಕಿದವಳು' ಎಂದು ಬರೆದ ಕೈಯನ್ನು ಮೇಜಿನ ಕೆಳಗೆ ಇಳಿಬಿಟ್ಟರು.

ವಕೀಲರು ತಿಥಿಯ ದಿನ ಸೂಜಿ ಬಿಡುತ್ತಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಈ ಔಷಧ ಯಾವ ಪ್ರಾಣಿಯ ಹೊಟ್ಟೆಯೊಳಗಿನ ಗ್ರಂಥಿಯಿಂದ ತೆಗೆದದ್ದೆಂದು ಓದಿಕೊಂಡ ಅವರಿಗೆ ಗೊತ್ತಿತ್ತು. ತಂಗಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ತಿಥಿಯ ದಿನದ ಮಜ್ಜಿಗೆಗೆ ಬಿದ್ದದ್ದು ಏನೆಂದು ತಿಳಿದರೆ ಅವಳು ಎದೆ ಒಡೆದುಕೊಂಡಾಳು. ಪತ್ತೆ ಮಾಡಿದ್ದೆಲ್ಲ ಎಲ್ಲರಿಗೂ ಹೇಳಲೇಬೇಕೆಂದಿಲ್ಲ.

* * *

"ಈಗ ನಿಮ್ಮ ಸರದಿ ಕಂಪೌಂಡರೇ," ಎಂದೆ.

ಮಹಾಬಲ ಪೆನ್ನಿನ ಮುಚ್ಚಳ ಹಾಕಿದರು. "ನನ್ನದೇನು?"

"ನಾನು ಲೋಟ ಎತ್ತಿದಾಗ ಸಾಹೇಬರು ಹಾರಿ ಬಂದರು. ದುರುಗಮ್ಮ ಬೆಲ್ಲಕ್ಕೆ ಓಡಿದಳು. ಈ ತಾಯಿ ಕಣ್ಣು ಮುಚ್ಚಿಕೊಂಡರು. ಔಷಧ ತಿಳಿದವರು ಇಲ್ಲಿ ನೀವೊಬ್ಬರೇ. ನೀವು ಮಾತ್ರ ಕೂತ ಜಾಗದಿಂದ ಅಲ್ಲಾಡಲಿಲ್ಲ. ಹೊರಗೆ ಎತ್ತಿನ ಗಾಡಿ ಹೋಗೋದು ನೋಡ್ತಾ ಕೂತಿರಿ."

"ಗಾಬರಿ ಆದವರೆಲ್ಲ ಕೂಗ್ತಾರಾ ಮಾರಾಯ್ರೇ? ಕೆಲವರಿಗೆ ಮಾತೇ ಹೊರಡೋದಿಲ್ಲ."

"ಸಾಹೇಬ್ರೇ, ಇವರ ಹೇಳಿಕೆ ಓದಿ."

ಚಂದ್ರಶೇಖರಪ್ಪನವರು ಮಸಿ ಮೆತ್ತಿದ ಹಾಳೆ ಎತ್ತಿ ಓದಿದರು. "'ಇನ್ಸುಲಿನ್ ಔಷಧವು ಮಜ್ಜಿಗೆಯ ಮೂಲಕ ಹೊಟ್ಟೆಗೆ ಹೋದದ್ದರಿಂದಲೇ ನನ್ನ ಅಣ್ಣನವರಿಗೆ ಈ ಸ್ಥಿತಿ ಬಂದಿರುತ್ತದೆಂದು ನನ್ನ ಹನ್ನೆರಡು ವರ್ಷದ ಕಸುಬಿನ ಅನುಭವದಿಂದ ಹೇಳುತ್ತೇನೆ.'"

"ಹನ್ನೆರಡು ವರ್ಷದ ಅನುಭವ," ಎಂದೆ. "ಹಾಗೆ ನಂಬಿದವರು, ನಾನು ಒಂದು ಶೀಸೆ ಕುಡಿದಾಗ ಸಕ್ಕರೆ ತರಿಸಬೇಕಿತ್ತು. ನೀವು ತರಿಸಲಿಲ್ಲ. ಬಾಯಿಂದ ಹೋದರೆ ಏನೂ ಆಗೋದಿಲ್ಲ ಅಂತ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಹೀಗೆ ಬರೆಸಿದಿರಿ. ಈ ಹೆಂಗಸು ಜೈಲಿಗೆ ಹೋಗ್ತಾಳೆ ಅಂತಲೂ ಗೊತ್ತಿತ್ತು."

ವಾಗ್ದೇವಿ ತಲೆಯೆತ್ತಿದಳು. "ಮಹಾಬಲಣ್ಣ?"

ಆ ಒಂದು ಕರೆ ನನ್ನ ಎಲ್ಲ ಮಾತಿಗಿಂತ ಹೆಚ್ಚು ಕೆಲಸ ಮಾಡಿತು. ಮಹಾಬಲ ಅವಳ ಮುಖ ನೋಡಲಾರದೆ ನೆಲ ನೋಡಿದರು.

"ಹೆದರಿಕೆಯಿಂದ ಬರೆಸಿದೆ," ಎಂದರು.

"ಯಾರ ಹೆದರಿಕೆ?"

"ನಿಮ್ಮದೇ! ಪೊಲೀಸರದ್ದು. ರಘುಪತಿಗೂ ನನಗೂ ದಾರಿಯ ವ್ಯಾಜ್ಯ ನಾಲ್ಕು ವರ್ಷದಿಂದ ಕೋರ್ಟಿನಲ್ಲಿದೆ. ಊರಿಗೆಲ್ಲ ಗೊತ್ತು. ಸೂಜಿಯಿಂದ ಆಗಿದ್ದು ಅಂತ ಬಾಯಿ ಬಿಟ್ಟರೆ ಊರವರು ಮೊದಲು ಯಾರ ಕೈ ನೋಡ್ತಾರೆ? ಸುತ್ತ ಎಂಟು ಹಳ್ಳಿಗೆ ಸೂಜಿ ಹಾಕೋ ಕೈ ನನ್ನದು."

"ಸೂಜಿಯಿಂದ ಆಗಿದ್ದು ಅಂತ ನಿಮಗೆ ಯಾವಾಗ ಗೊತ್ತಾಯಿತು?"

"ಅವತ್ತೇ." ಅವರು ಅಂಗವಸ್ತ್ರದಿಂದ ಕತ್ತು ಒರೆಸಿಕೊಂಡರು. "ತಿಥಿಗೆ ಅಂತ ನಾನೂ ಬಂದಿದ್ದೆ. ಬಸ್ಸಿನಲ್ಲಿ ಬಂದ ಮೈಲಿಗೆ ಬಟ್ಟೆ, ಜಗಲಿಯಲ್ಲೇ ಕೂತಿದ್ದೆ. ರಘುಪತಿ ಬಿದ್ದ ಅಂತ ಅತ್ತಿಗೆ ಕೂಗಿದಾಗ ಒಳಗೆ ನುಗ್ಗಿದೆ. ಬೆವರು ನೋಡಿದ ಕೂಡಲೇ ಗೊತ್ತಾಯಿತು. ಸಕ್ಕರೆ ತಂದು ವಸಡಿಗೆ ತಿಕ್ಕಿದವನು ನಾನೇ. ನಾನಿಲ್ಲದಿದ್ದರೆ ಶಿಕಾರಿಪುರದ ತನಕ ಉಳೀತಿರಲಿಲ್ಲ ಅವನು."

ಅದು ನಿಜವೆಂದು ಆಸ್ಪತ್ರೆಯ ಡಾಕ್ಟರೂ ಹೇಳಿದ್ದರು. ಕೊಲ್ಲಲು ಹೊರಟವನು ಸಕ್ಕರೆ ತಿಕ್ಕುವುದಿಲ್ಲ. ಆದರೆ ಹೇಡಿತನದಿಂದಲೂ ಒಬ್ಬ ನಿರಪರಾಧಿ ಜೈಲಿಗೆ ಹೋಗಬಹುದು.

"ಇನ್ನೂ ಏನೋ ಇದೆ," ಎಂದೆ. "ಅದನ್ನೂ ಹೇಳಿಬಿಡಿ."

ಅವರು ಪೆನ್ನನ್ನು ಮೇಜಿನ ಮೇಲಿಟ್ಟರು.

"ಗಾಡಿ ಬರೋದರೊಳಗೆ ಕೈ ತೊಳೆಯೋಕೆ ಬಚ್ಚಲಿಗೆ ಹೋಗಿದ್ದೆ. ಹಂಡೆಯ ಹಿಂದೆ ಒಂದು ಸಿರಿಂಜು ಬಿದ್ದಿತ್ತು. ಸೂಜಿ ಹಾಗೇ ಇತ್ತು, ಕೊಳವೆಯ ತಳದಲ್ಲಿ ಇನ್ನೂ ಒಂದು ಹನಿ."

ಚಂದ್ರಶೇಖರಪ್ಪನವರು ಮೇಜು ಗುದ್ದಿದರು. "ಮೂರು ದಿನ ಇದನ್ನ ಹೊಟ್ಟೇಲಿಟ್ಕೊಂಡು ಕೂತಿದ್ರೇನ್ರೀ?"

"ಎಲ್ಲಿದೆ ಈಗ?" ನಾನು ಕೇಳಿದೆ.

"ಬಚ್ಚಲ ಮಾಡಿನಲ್ಲಿ, ಹೆಂಚಿನ ಸಂದಿಯಲ್ಲಿ. ಕರವಸ್ತ್ರದಲ್ಲಿ ಸುತ್ತಿಟ್ಟಿದ್ದೇನೆ."

"ರಘುಪತಿಯವರದ್ದೇ?"

"ಅಲ್ಲ. ಅವನದು ಜಗಲಿಯ ಗೂಡಿನಲ್ಲಿ ಡಬ್ಬಿಯೊಳಗಿತ್ತು. ನಾನು ಕೂತಿದ್ದು ಅದರ ಕೆಳಗೇ. ಯಾರೂ ಮುಟ್ಟಿಲ್ಲ."

"ನಿಮ್ಮ ಅಂಗಡಿಯದ್ದೇ?"

"ನನ್ನದೂ ಅಲ್ಲ. ನನ್ನ ಹತ್ತಿರ ಅಷ್ಟು ಸಣ್ಣದು ಇಲ್ಲವೇ ಇಲ್ಲ. ಇನ್ಸುಲಿನ್ನೂ ಇಡೋದಿಲ್ಲ. ತಂಪಿನ ಪೆಟ್ಟಿಗೆ ಇಲ್ಲದೆ ಕೆಟ್ಟುಹೋಗ್ತದೆ. ಬೇಕಾದರೆ ಅಂಗಡಿ ಪೂರ್ತಿ ಜಪ್ತಿ ಮಾಡಿ ನೋಡಿ."

ಸಾಹೇಬರು ನನ್ನತ್ತ ನೋಡಿದರು. ನಂಬಬಹುದೆಂದು ನಾನು ತಲೆಯಾಡಿಸಿದೆ. ಅಲ್ಲಿಯವರೆಗೆ ಗೋಜಲಾಗಿದ್ದ ಒಂದು ಎಳೆ ಆ ಮಾತಿನಿಂದ ಬಿಡಿಸಿಕೊಂಡಿತು. ಮನೆಯಲ್ಲಿದ್ದ ಶೀಸೆ ಒಂದೇ. ಒದ್ದೆ ಮರಳಿನ ಮಡಕೆಯಲ್ಲಿ ಹೂತಿಟ್ಟಿದ್ದ ಅದನ್ನು ವಾಗ್ದೇವಿ ಏಳು ಗಂಟೆಗೇ ಮಜ್ಜಿಗೆಗೆ ಸುರಿದು ಖಾಲಿ ಮಾಡಿದ್ದಳು. ಸೂಜಿಗೆ ಸೇರಿದ ಔಷಧ ಹೊರಗಿನಿಂದ ಬಂದದ್ದು. ಸೂಜಿಯೂ ಹೊರಗಿನದು.

* * *

"ನೀವು ಸೂಜಿ ಅಂತ ಮೊದಲೇ ಅನುಮಾನ ಪಟ್ಟಿದ್ದಿರಿ," ಚಂದ್ರಶೇಖರಪ್ಪನವರು ಹೇಳಿದರು. ಹಳೆಯ ದಫೇದಾರನಾದ ನನ್ನನ್ನು ನಿನ್ನೆ ಶಿಕಾರಿಪುರದಿಂದ ಕರೆಸಿಕೊಂಡವರು ಅವರೇ.

"ಅನುಮಾನ ಅಲ್ಲ, ಕಣ್ಣಾರೆ ನೋಡಿದ್ದೆ. ನಿನ್ನೆ ಆಸ್ಪತ್ರೆಯಲ್ಲಿ ವಕೀಲರ ಅಂಗಿ ಬದಲಾಯಿಸ್ತಿದ್ದರು. ಬಲತೋಳಿನ ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಗುರುತು, ಸುತ್ತ ನೀಲಿಗಟ್ಟಿದೆ. ಅವರು ದಿನಾ ಚುಚ್ಚಿಕೊಳ್ಳೋದು ತೊಡೆಗೆ. ಬಲಗೈಯವರು ತಮ್ಮ ಬಲತೋಳಿನ ಹಿಂದೆ ತಾವೇ ಚುಚ್ಚಿಕೊಳ್ಳೋಕೆ ಆಗುತ್ತಾ? ಬೇಕಾದರೆ ಪೆನ್ನು ಹಿಡಿದು ನೋಡಿ."

ಸಾಹೇಬರು ನಿಜವಾಗಿಯೂ ಪೆನ್ನು ಹಿಡಿದು ಪ್ರಯತ್ನಿಸಿದರು. ಆಗಲಿಲ್ಲ.

"ಯಾವ ಹೊತ್ತಿಗೆ ಹಾಕಿದ್ದು ಅಂತೀರಿ?"

"ಈ ಜಾತಿಯ ಇನ್ಸುಲಿನ್ ಒಳಹೋದ ಎರಡು ತಾಸಿಗೆ ಬಿಗಿ ಹಿಡಿಯುತ್ತೆ. ನನ್ನ ಮೈಯೇ ಸಾಕ್ಷಿ. ಬಿದ್ದದ್ದು ಹನ್ನೊಂದೂವರೆ. ಅಂದರೆ ಚುಚ್ಚಿದ್ದು ಒಂಬತ್ತಕ್ಕೂ ಹತ್ತಕ್ಕೂ ನಡುವೆ. ವಾಗ್ದೇವಮ್ಮ, ಆ ಹೊತ್ತಿಗೆ ಅಣ್ಣನ ಸ್ನಾನ ಆಗಿತ್ತೋ?"

"ಎಂಟಕ್ಕೇ ಆಗಿತ್ತು. ಮಡಿ ಪಂಚೆ ಉಟ್ಟು ಒಳಗಿನ ನಡುಮನೆಯಲ್ಲಿ ಒಬ್ಬನೇ ಕೂತಿದ್ದ. ಜಪ ಮಾಡ್ತಾ."

"ಪುರೋಹಿತರು?"

"ಬಂದದ್ದು ಹನ್ನೊಂದಕ್ಕೆ."

"ಮಡಿ ಉಟ್ಟವರನ್ನು ಯಾರು ಮುಟ್ಟಬಹುದು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ನನಗೂ ಉತ್ತರ ಗೊತ್ತಿತ್ತು. ಮಡಿಯಲ್ಲಿದ್ದವರನ್ನು ಮಡಿಯಲ್ಲಿದ್ದವರೇ ಮುಟ್ಟಬೇಕು. ಜಗಲಿಯಲ್ಲಿದ್ದ ಮಹಾಬಲ ನಡುಮನೆಯ ಹೊಸ್ತಿಲು ದಾಟಿದ್ದರೆ ರಘುಪತಿಯವರು ಊರು ಕೇಳುವಂತೆ ಕೂಗುತ್ತಿದ್ದರು, ಮತ್ತೆ ಸ್ನಾನಕ್ಕೆ ಹೋಗುತ್ತಿದ್ದರು. ಕೂಗಿಲ್ಲ, ಎರಡನೇ ಸ್ನಾನವೂ ಇಲ್ಲ. ಹತ್ತಿರ ಬಂದವರು ಮಡಿಯಲ್ಲಿದ್ದವರೇ.

"ಅಂದು ಮನೆಯಲ್ಲಿ ಮಡಿಯಲ್ಲಿದ್ದವರು ಅಡುಗೆಯವರು," ಎಂದೆ. "ಹೆಂಡತಿ ಸತ್ಯವತಮ್ಮ. ತಂಗಿ ವಾಗ್ದೇವಮ್ಮ. ಇಬ್ಬರೇ."

ಹೇಳಿದ ಮೇಲೆ ಆ ಮಾತು ಎಲ್ಲಿಗೆ ಹೋಗಿ ಮುಟ್ಟಿತೆಂದು ನನಗೆ ಹೊಳೆಯಿತು. ಚಂದ್ರಶೇಖರಪ್ಪನವರು ನನಗಿಂತ ಮೊದಲೇ ಮುಟ್ಟಿದ್ದರು.

"ಇಬ್ಬರಲ್ಲಿ ಒಬ್ಬರು ಇಲ್ಲೇ ಕೂತಿದಾರೆ," ಅವರು ನಿಧಾನವಾಗಿ ಹೇಳಿದರು. "ಮಜ್ಜಿಗೆಯಿಂದ ಬಿಡಿಸಿ ಸೂಜಿಗೆ ಕಟ್ಟಿಹಾಕಿದ್ರಲ್ರೀ ದಫೇದಾರ್ರೇ. ಬಸ್ಸಿಗೆ ಇನ್ನು ಅರ್ಧ ಗಂಟೆ. ನಾನು ಯಾರನ್ನ ಹತ್ತಿಸಲಿ?"

ಅವರ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾದ ಕಷ್ಟವಿತ್ತು. ಮೇಲಿನವರಿಗೆ ಆರೋಪಿಯನ್ನು ಹಾಜರುಪಡಿಸುತ್ತೇನೆಂದು ಬರೆದು ಕಳಿಸಿದ್ದರು.

ವಾಗ್ದೇವಿ ಕದಲಲಿಲ್ಲ. ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. "ನೀವು ಒಳ್ಳೇದಕ್ಕೇ ಮಾಡಿದಿರಿ," ಎಂದಳು, ನನ್ನನ್ನೇ ಸಮಾಧಾನ ಮಾಡುವವಳಂತೆ.

ಆಗ ಹೊರಗೆ ಶಿಕಾರಿಪುರದ ಕಡೆಯಿಂದ ಬಂದ ಬಸ್ಸು ನಿಂತ ಸದ್ದಾಯಿತು. ಇದೇ ಬಸ್ಸು ತಿರುಗಿಕೊಂಡು ಮೂರಕ್ಕೆ ಹೊರಡಬೇಕು. ಕಾನ್‌ಸ್ಟೇಬಲ್ ಜಟ್ಟಪ್ಪ ಓಡುತ್ತ ಮೆಟ್ಟಿಲು ಹತ್ತಿದ. ಆಸ್ಪತ್ರೆಯ ಬಾಗಿಲಿಗೆ ಅವನನ್ನು ನಿಲ್ಲಿಸಿ ಬಂದಿದ್ದವನು ನಾನೇ.

"ಸಾಹೇಬ್ರ," ಅವನು ಏದುಸಿರು ಬಿಟ್ಟ, "ವಕೀಲ್ರು ಬೆಳಿಗ್ಗೆ ಎಂಟಕ್ಕ ಎದ್ದು ಕುಂತಿದ್ರು. ಗಂಜಿ ಕೇಳಿದ್ರು, ಮಾತೂ ಆಡಿದ್ರು. ಡಾಕ್ಟ್ರು ಪಾರಾದ್ರು ಅಂದಿದ್ರು."

"ಮತ್ತೆ?"

"ಹತ್ತೂವರಿಗೆ ಮತ್ತ ಮೈಯೆಲ್ಲ ಬೆವರು. ಕಣ್ಣು ಮ್ಯಾಲೆ ಹೋದ್ವು. ಡಾಕ್ಟ್ರು ನರಕ್ಕ ಗ್ಲೂಕೋಸ್ ಹಾಕಿದಾರ. ಜೀವ ಐತ್ರಿ, ಆದ್ರ ಎಚ್ಚರ ಇಲ್ಲ. ಇನ್ನೊಂದ್ಸಲ ಹಿಂಗಾದ್ರ ನನ್ ಕೈಯಾಗ ಇಲ್ಲ ಅಂದ್ರು. ಎಡತೋಳಿನಾಗ ಹೊಸಾ ಸೂಜಿ ಗುರ್ತು ಐತಂತ. ಆಸ್ಪತ್ರೆಯೋರು ಯಾರೂ ಹಾಕಿಲ್ಲಂತ."

ದುರುಗಮ್ಮ ಬೆಲ್ಲ ಚೀಪುವುದನ್ನು ನಿಲ್ಲಿಸಿದಳು.

"ನೀನೆಲ್ಲಿ ಸತ್ತಿದ್ದೆ?" ಚಂದ್ರಶೇಖರಪ್ಪನವರು ಗದರಿದರು.

ಜಟ್ಟಪ್ಪ ತಲೆ ತಗ್ಗಿಸಿದ. "ಎದ್ದು ಕುಂತಾರಲ್ಲ ಅಂತ... ಒಂದ್ ಕಪ್ ಚಾ ಕುಡಿಯಾಕ ಹೋಗಿದ್ದೆ ಸಾಹೇಬ್ರ. ಎಂಟೂವರಿಗೆ, ಕಾಲು ಗಂಟಿ."

"ಹತ್ತಿರ ಯಾರಿದ್ದರು?"

"ಸತ್ಯವತಮ್ಮೋರು ಒಬ್ರೇ. ಅವ್ರೂ ಗಂಜಿ ಪಾತ್ರೆ ತೊಳ್ಯಾಕ ಬಾವಿ ಕಡೆ ಹೋಗಿದ್ರಂತ."

ನಾನು ಎದ್ದು ನಿಂತೆ. ಈ ಎರಡನೇ ಸೂಜಿ ಬಹಳ ವಿಷಯ ಹೇಳಿತ್ತು. ವಾಗ್ದೇವಿ ನಿನ್ನೆ ಸಂಜೆಯಿಂದ ದುರುಗಮ್ಮನ ಕಣ್ಣೆದುರಿಗಿದ್ದಳು. ಮಹಾಬಲ ಒಂಬತ್ತರಿಂದ ಈ ಬೆಂಚು ಬಿಟ್ಟು ಎದ್ದಿಲ್ಲ; ಎಂಟೂವರೆಗೆ ಶಿಕಾರಿಪುರದಲ್ಲಿ ಸೂಜಿ ಹಾಕಿದವರು ಒಂಬತ್ತಕ್ಕೆ ಸೊರಬ ಮುಟ್ಟಲಾರರು. ಇಬ್ಬರೂ ಅಲ್ಲ.

"ಸಾಹೇಬ್ರೇ, ನಿಮ್ಮ ಆರೋಪಿಯನ್ನು ಬಿಟ್ಟುಬಿಡಿ. ಈಗ ಕಾಗದದ ಮೇಲೂ ಅವರ ವಿರುದ್ಧ ಏನೂ ಉಳಿದಿಲ್ಲ."

"ಬಿಟ್ಟೆ," ಎಂದರು ಅವರು. ಅವಳ ಹೆಸರಿನಲ್ಲಿ ಬರೆದಿದ್ದ ಹಾಳೆಯನ್ನು ಅಡ್ಡ ಹರಿದು ಬುಟ್ಟಿಗೆ ಹಾಕಿದರು. "ಏಳಮ್ಮ, ಮನೆಗೆ ಹೋಗು. ಇಲ್ಲ, ನಮ್ಮ ಜೊತೆಗೇ ಬಾ, ಅಣ್ಣನ್ನ ನೋಡುವಿಯಂತೆ. ಜಟ್ಟಪ್ಪ, ಹೋಗಿ ಬಸ್ಸು ನಿಲ್ಲಿಸು. ಸತ್ಯವತಮ್ಮನ್ನ ಕೇಳೋದು ಬಹಳ ಐತೆ."

ವಾಗ್ದೇವಿ ಎದ್ದಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೊರಗೆ ಬರಲಿಲ್ಲ.

"ಅತ್ತಿಗೆಯನ್ನು ಹಿಡೀಬೇಡಿ," ಎಂದಳು.

"ಹಿಡಿಯೋದು ಬಿಡೋದು ಆಮೇಲೆ ತಾಯಿ. ಮಡಿಯಲ್ಲಿದ್ದವರು ಇಬ್ಬರು. ನೀವಲ್ಲ ಅಂತ ಆಯಿತು. ಉಳಿದವರು ಯಾರು?"

"ಇಬ್ಬರಲ್ಲ ದಫೇದಾರ್ರೇ." ಅವಳ ಧ್ವನಿ ಮೊದಲ ಸಲ ಗಟ್ಟಿಯಾಗಿತ್ತು. "ಅವತ್ತು ನಮ್ಮನೆಯಲ್ಲಿ ಮಡಿಯಲ್ಲಿ ಮೂರು ಜನ ಇದ್ದರು."

ಮಹಾಬಲ ಬೆಂಚಿನಿಂದ ಎದ್ದೇಬಿಟ್ಟರು. "ಮೂರನೆಯವರು ಯಾರು ಮಾರಾಯ್ತಿ? ಜಗಲಿ ದಾಟಿ ಯಾರೂ ಹೋಗಿಲ್ಲ. ನಾನು ಬೆಳಿಗ್ಗೆ ಎಂಟರಿಂದ ಅಲ್ಲೇ ಇದ್ದೆ."

"ನೀನು ಬರೋ ಮುಂಚೆಯೇ ಬಂದಾಗಿತ್ತು. ಹಿತ್ತಿಲ ಬಾಗಿಲು ತೆಗೆದವಳು ನಾನು. ಸ್ನಾನಕ್ಕೆ ಬಿಸಿನೀರು ಕೊಟ್ಟವಳೂ ನಾನೇ." ಅವಳು ನನ್ನತ್ತ ತಿರುಗಿದಳು. "ಅಣ್ಣಯ್ಯ ತೋಳು ಕೊಟ್ಟದ್ದು ಯಾಕೆ ಅಂತ ಈಗ ತಿಳೀತು. ಬೇರೆ ಯಾರಿಗೂ ಕೊಡ್ತಿರಲಿಲ್ಲ. ಅವನು ದೇವರಂತೆ ನಂಬಿದವರು ಅವರು; ಅವರು ಕೇಳಿದ್ದರೆ ಕೊರಳೂ ಕೊಡ್ತಿದ್ದ."

"ಹೆಸರು ಹೇಳಿ ತಾಯಿ."

ಅವಳು ಇಲ್ಲವೆಂದು ತಲೆಯಾಡಿಸಿದಳು.

"ನಿಮ್ಮ ಅಣ್ಣ ಸಾಯ್ತಾನೆ. ಡಾಕ್ಟರು ಹೇಳಿದ್ದು ಕೇಳಿದಿರಲ್ಲ? ಮೂರನೇ ಸೂಜಿ ಬೀಳೋದಕ್ಕೆ ಮುಂಚೆ ನಾನು ಅಲ್ಲಿರಬೇಕು. ಯಾರನ್ನು ತಡೀಬೇಕು ಅಂತ ಗೊತ್ತಿಲ್ಲದೆ ಹೋಗಿ ಏನು ಮಾಡಲಿ?"

ರಸ್ತೆಯಲ್ಲಿ ಡ್ರೈವರು ಹಾರನ್ ಬಾರಿಸಿದ. ಚಂದ್ರಶೇಖರಪ್ಪನವರು ಟೋಪಿ ತಲೆಗಿಟ್ಟುಕೊಂಡು ನನ್ನನ್ನೂ ಅವಳನ್ನೂ ನೋಡಿದರು.

"ಹೆಸರು ಹೇಳಿದರೆ ಅಣ್ಣಯ್ಯ ಉಳೀತಾನೆ," ವಾಗ್ದೇವಿ ಹೇಳಿದಳು. "ಆದರೆ ಎಚ್ಚರ ಆದ ಮೇಲೆ ಆ ಹೆಸರು ಕೇಳಿದರೆ ಎದೆ ಒಡೆದು ಅವನೇ ಉಳಿಯೋದಿಲ್ಲ."

ನಾನು ಎರಡು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಅವಳು ಹಿಂದೆ ಸರಿದು ದಫ್ತರದ ಕೋಣೆಯ ಬಾಗಿಲನ್ನು ತಾನೇ ಎಳೆದುಕೊಂಡಳು. ಒಳಗಿನಿಂದ ಚಿಲಕ ಬಿತ್ತು.